ಮ್ಯೂನಿಕ್‌ನಲ್ಲಿ ಮನೆ ಹಿಡಿಯುವ ಮುಂಚೆ

ಚಿ. ಪ್ರಣವನಿಗೆ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಬೆಂಗಳೂರಿನಲ್ಲೇ ಕೂತು ಮ್ಯೂನಿಕ್‌ನಲ್ಲಿ ಕಾಯಂ ಮನೆ ಗೊತ್ತು ಮಾಡಿಕೊಂಡೇ ವಿಮಾನ ಹತ್ತುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಬಿಟ್ಟುಬಿಡು. ಅಲ್ಲಿನ ಓನರುಗಳು ಆಳನ್ನು ಕಣ್ಣಾರೆ ನೋಡದೆ, ಮೂರು ತಿಂಗಳ ಪೇಸ್ಲಿಪ್ ಕೈಗೆ ಬರದೆ ಮನೆ ಕೊಡುವುದು ಅಪರೂಪ. ಮೊದಲ ಮೂರ್ನಾಲ್ಕು ತಿಂಗಳಿಗೆ ಸಾಮಾನು ಸಮೇತ ಒಂದು ರೂಮು, ಆಮೇಲೆ ನಿನ್ನ ಹೆಸರಿನ ಮನೆ. ಹೀಗೆ ಎರಡು ಹಂತದಲ್ಲಿ ಹೋಗು.

ಮೊದಲ ರೂಮಿಗೆ ಬಾಡಿಗೆ ಕೇಳುವುದಕ್ಕಿಂತ ಮುಂಚೆ ಕೇಳಬೇಕಾದ್ದು ಒಂದೇ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು ಅನ್ನುವುದು ಕಾನೂನು. ಅದಕ್ಕೆ ಬಾಡಿಗೆ ಕರಾರು ಸಾಲದು. ಮನೆ ಕೊಟ್ಟವರು ಸಹಿ ಹಾಕಿದ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ಒಂದು ಪುಟದ ಫಾರಂ ಬೇಕು. ಹೆಸರು ಉದ್ದ, ಫಾರಂ ಚಿಕ್ಕದು. ಹೋಟೆಲ್, ಏರ್‌ಬಿಎನ್‌ಬಿಯವರು ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ನೋಂದಣಿ ಆಗದಿದ್ದರೆ ಟ್ಯಾಕ್ಸ್ ನಂಬರ್ ಬರುವುದು ತಡ. ನಂಬರ್ ಇಲ್ಲದಿದ್ದರೆ ಕಂಪನಿ ಅತಿ ಹೆಚ್ಚು ತೆರಿಗೆ ಮುರಿಯುವ ಆರನೇ ವರ್ಗಕ್ಕೆ ನಿನ್ನನ್ನು ಹಾಕಬಹುದು. ಆ ನಂಬರ್ ಅಂಚೆಯಲ್ಲೇ ಬರುತ್ತದೆ. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಕರೆಗಂಟೆಯ ಮೇಲೂ ಅಂಚೆ ಡಬ್ಬದ ಮೇಲೂ ಮನೆತನದ ಹೆಸರು ಅಷ್ಟೇ. ನಿನ್ನ ಹೆಸರಿನ ಚೀಟಿ ಅಲ್ಲಿ ಇಲ್ಲದಿದ್ದರೆ ಪೋಸ್ಟ್‌ಮನ್ ಕಾಗದವನ್ನು ವಾಪಸ್ ಒಯ್ಯುತ್ತಾನೆ. ರೂಮಿಗೆ ಕಾಲಿಟ್ಟ ದಿನವೇ ಚೀಟಿ ಅಂಟಿಸು.

ಇಂಥ ರೂಮುಗಳನ್ನು ವೇಗೆ-ಗೆಜೂಖ್ಟ್ ಅನ್ನುವ ವೆಬ್‌ಸೈಟಿನಲ್ಲಿ ಹುಡುಕು. ಊರು ಬಿಟ್ಟು ಕೆಲ ತಿಂಗಳು ಹೋಗುವವರು ತಮ್ಮ ರೂಮನ್ನು ಮರುಬಾಡಿಗೆಗೆ ಕೊಡುತ್ತಾರೆ, ಅದಕ್ಕೆ ಟ್ಸ್ವಿಶನ್‌ಮೀಟ ಅನ್ನುತ್ತಾರೆ. ಓನರ್ ಒಪ್ಪಿಗೆ ಇದೆಯಾ ಅಂತ ಬರವಣಿಗೆಯಲ್ಲೇ ಕೇಳು. ಇಲ್ಲದಿದ್ದರೆ ಅವರ ಜೊತೆ ನೀನೂ ಬೀದಿಗೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುವುದರಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದು ರೂಮಿಗೆ ನೂರು ಜನ. ಕಂಪನಿ ಒಪ್ಪಿದರೆ ಫೆಬ್ರವರಿ ಕೊನೆಗೆ ಹೋಗು, ವಿದ್ಯಾರ್ಥಿಗಳ ರೂಮು ಖಾಲಿ ಇರುವ ಕಾಲ ಅದು.

ಶ್ವಾಬಿಂಗ್‌ನಲ್ಲಿ ಚಂದದ ಫ್ಲ್ಯಾಟು, ಬಾಡಿಗೆ ಅರ್ಧಕ್ಕರ್ಧ ಕಡಿಮೆ, ಓನರ್ ಮಾತ್ರ ಲಂಡನ್ನಿನಲ್ಲಿ, ದುಡ್ಡು ಕಟ್ಟಿದರೆ ಕೀ ಕೊರಿಯರ್ ಮಾಡುತ್ತೇನೆ ಅಂದರೆ ಅದು ಟೋಪಿ. ಅಂಥವರಿಗೆ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡ. ನಾಳೆ ಅದೇ ಪ್ರತಿ ತೋರಿಸಿ ಇನ್ನೊಬ್ಬರಿಗೆ ನಿನ್ನ ಹೆಸರಲ್ಲಿ ಟೋಪಿ ಹಾಕುತ್ತಾರೆ.

ಇನ್ನು ಕಾಯಂ ಮನೆ. ಜಾಹೀರಾತಿನಲ್ಲಿ 2 ಟ್ಸಿಮರ್ ಅಂದರೆ ನಮ್ಮ ಲೆಕ್ಕದ ಒನ್ ಬಿಎಚ್‌ಕೆ. ಅಡುಗೆಮನೆ, ಬಚ್ಚಲು ಎಣಿಕೆಗೆ ಸೇರುವುದಿಲ್ಲ. ಬಾಡಿಗೆ ಎರಡು ತರಹ ಬರೆದಿರುತ್ತಾರೆ. ಕಾಲ್ಟ್ ಅಂದರೆ ಬರೀ ಗೋಡೆಗಳದ್ದು, ವಾರ್ಮ್ ಅಂದರೆ ಹೀಟಿಂಗ್, ನೀರು, ಕಸ ಸೇರಿದ್ದು. ಕಾಲ್ಟ್ 900 ಯೂರೋ ಇದ್ದು ಮೇಲಿನ ಖರ್ಚು 200 ಅಂತಿಟ್ಟುಕೊ, ವಾರ್ಮ್ 1100. ಅಲ್ಲಿಗೂ ಮುಗಿಯಲಿಲ್ಲ: ಕರೆಂಟು, ಇಂಟರ್‌ನೆಟ್ ಸಾಮಾನ್ಯವಾಗಿ ಬೇರೆ, ಟಿವಿ ನೋಡದಿದ್ದರೂ ಮನೆಗೊಂದು ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೋ. ಆ 200 ಕೂಡ ಮುಂಗಡ ಮಾತ್ರ. ವರ್ಷದ ಲೆಕ್ಕ ಬಂದಾಗ ಹೀಟಿಂಗ್ ಹೆಚ್ಚಾಗಿದ್ದರೆ ಬಾಕಿ ಕಟ್ಟಬೇಕು. ಡೆಪಾಸಿಟ್ ಮಾತ್ರ ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಹಾಗಲ್ಲ. ಕಾಲ್ಟ್ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅಂದರೆ ಇಲ್ಲಿ 2700. ಅದನ್ನೂ ತಿಂಗಳಿಗೊಂದರಂತೆ ಮೂರು ಸಮಕಂತಿನಲ್ಲಿ ಕಟ್ಟುವ ಹಕ್ಕು ಕಾನೂನೇ ಕೊಟ್ಟಿದೆ. 2015ರಿಂದ ಬ್ರೋಕರ್‌ನನ್ನು ಕರೆದವರೇ ಅವನ ಕಮಿಷನ್ ಕೊಡಬೇಕು, ಓನರ್ ಕರೆದವನಿಗೆ ನೀನು ಕೊಡಬೇಡ.

ಜಾಹೀರಾತಿನಲ್ಲಿ ಇಬಿಕೆ, ಅಂದರೆ ಜೋಡಿಸಿಟ್ಟ ಕಿಚನ್, ಅಂತ ಬರೆದಿಲ್ಲವಾದರೆ ಅಡುಗೆಮನೆ ಖಾಲಿ ಅಂತ ತಿಳಿ. ಸಿಂಕೂ ಇಲ್ಲ, ಒಲೆಯೂ ಇಲ್ಲ, ಗೋಡೆಯಲ್ಲಿ ಪೈಪಿನ ಬಾಯಿ ಮಾತ್ರ. ಸೂರಿನಲ್ಲಿ ಬಲ್ಬಿನ ಜಾಗಕ್ಕೆ ವೈರು ನೇತಾಡುತ್ತಿರುತ್ತದೆ. ಹಳೇ ಬಾಡಿಗೆದಾರ ತನ್ನ ಕಿಚನ್ ಮಾರುತ್ತಾನಾದರೆ ಚೌಕಾಸಿ ಮಾಡಿ ತಗೊ. ಬಿಚ್ಚಿ ಸಾಗಿಸುವ ಕಷ್ಟ ಅವನಿಗೂ ಬೇಕಿರುವುದಿಲ್ಲ.

ಪೇಸ್ಲಿಪ್, ಕೆಲಸದ ಕರಾರು, ಪಾಸ್‌ಪೋರ್ಟ್, ವೀಸಾ, ಶೂಫಾ ವರದಿ (ನಮ್ಮ ಸಿಬಿಲ್ ತರಹ ಸಾಲ-ಬಾಕಿಯ ದಾಖಲೆ), ಮೊದಲ ರೂಮಿನವರಿಂದ ಬಾಡಿಗೆ ಬಾಕಿ ಇಲ್ಲ ಅಂತ ಒಂದು ಚೀಟಿ, ಎಲ್ಲ ಒಂದೇ ಪಿಡಿಎಫ್‌ನಲ್ಲಿ ಇಟ್ಟುಕೊ. ನೋಡಿ ಬಂದ ಸಂಜೆಯೇ ಕಳಿಸು. ಊರ ಮಧ್ಯವೇ ಬೇಕು ಅನ್ನಬೇಡ, ದಾಖೌ, ಫ್ರೈಸಿಂಗ್ ಎರಡಕ್ಕೂ ಎಸ್-ಬಾನ್ ಅನ್ನುವ ಲೋಕಲ್ ರೈಲು ಇದೆ.

ಕರಾರಿನಲ್ಲಿ ಕ್ಯುಂಡಿಗುಂಗ್ಸ್‌ಫೆರ್ಟ್ಸಿಖ್ಟ್ ಅನ್ನುವ ಪದ ಹುಡುಕು. ಇದ್ದರೆ ಅಷ್ಟು ಕಾಲ, ಕೆಲವೊಮ್ಮೆ ವರ್ಷಗಟ್ಟಲೆ, ನೀನು ಮನೆ ಬಿಡುವ ಹಾಗಿಲ್ಲ. ಇಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಸಾಕು, ಆದರೆ ತಿಂಗಳ ಮೂರನೇ ಕೆಲಸದ ದಿನದೊಳಗೆ, ಕಾಗದದ ಮೇಲೆ ಸಹಿ ಹಾಕಿ ಮುಟ್ಟಿಸಬೇಕು, ಇಮೇಲ್ ನಡೆಯುವುದಿಲ್ಲ. ಕೀ ತಗೊಳ್ಳುವಾಗ ಮೀಟರ್ ರೀಡಿಂಗ್, ಗೀರು, ಕೀಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಮಾಡಿ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆ. ಅನ್ನ ಸಾರು ಕುದಿಸಿದ ಹಬೆ ಹೊರಗೆ ಹೋಗದಿದ್ದರೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಬಿಡುವಾಗ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಯಾವ ಕರಾರಿಗೂ ಸಹಿ ಹಾಕುವ ಮುಂಚೆ ಅದರ ಪ್ರತಿ ನನಗೆ ವಾಟ್ಸಾಪ್ ಮಾಡು. ಅಣ್ಣ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಚಿಕ್ಕಪ್ಪ