ಟುಪೊಲೆವ್ ವಿಮಾನದ ಪಕ್ಕ ಒಂದು ಫಲಕ ಹಾಕಿಸಿ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಕಳೆದ ಭಾನುವಾರ ಅಕ್ಕನ ಮಗಳನ್ನು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಪ್ರದರ್ಶನಕ್ಕಿಟ್ಟಿರುವ ಚಾಪೆಲ್ ಯುದ್ಧನೌಕೆ ನೋಡಿ, ಸಮುದ್ರ ಕಾಯುತ್ತಿದ್ದ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನದ ಹತ್ತಿರ ಬಂದೆವು. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲ್ಲರ್. ಬೆರಳು ಮಡಚಿ ಎಣಿಸುತ್ತಿದ್ದವಳು ತಿರುಗಿ, "ಮಾಮಾ, ಹುಡುಗೀರೂ ಇಂಥದ್ರಲ್ಲಿ ಹೋಗ್ತಾರಾ?" ಅಂದಳು.

ಹೋಗ್ತಾರೆ. ನೌಕಾಪಡೆಯ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಹೋಗುತ್ತಿದ್ದರು. ಅವರದು ಚಿಕ್ಕ ಡಾರ್ನಿಯರ್ ವಿಮಾನ. ಕೆಲಸ ಮಾತ್ರ ಇದೇ, ಸಮುದ್ರ ಕಾಯೋದು. ವಿಮಾನ ಹಾರಿಸುವವರು ಪೈಲಟ್. ರಾಡಾರ್ ನೋಡುತ್ತಾ, ಕೆಳಗೆ ಯಾವ ಹಡಗಿದೆ, ಎತ್ತ ಹೋಗುತ್ತಿದೆ ಅಂತ ಗುರುತಿಸುವವರು ಅಬ್ಸರ್ವರ್. ಕಿರಣ್ ಅಬ್ಸರ್ವರ್ ಆಗಿದ್ದರು.

2015ರ ಮಾರ್ಚ್ 24ರ ರಾತ್ರಿ, ತರಬೇತಿಗೆ ಹಾರಿದ್ದ ಆ ವಿಮಾನ ಗೋವಾದಾಚೆ ಸಮುದ್ರಕ್ಕೆ ಬಿತ್ತು. ಮೂವರಲ್ಲಿ ಕಮಾಂಡರ್ ನಿಖಿಲ್ ಜೋಶಿ ಅವರನ್ನು ಮೀನುಗಾರರು ನೀರಿನಿಂದ ಎತ್ತಿ ಉಳಿಸಿದರು. ಲೆಫ್ಟಿನೆಂಟ್ ಅಭಿನವ್ ನಾಗೋರಿ, ಕಿರಣ್ ಇಬ್ಬರೂ ಬದುಕಲಿಲ್ಲ. ಐಎನ್‌ಎಸ್ ಮಕರ್ ಹಡಗು ಹುಡುಕಿದ ಮೇಲೆ, ಎರಡು ದಿನ ಕಳೆದು, ಕಿರಣ್ ಅವರ ದೇಹ ಸಿಕ್ಕಿತು. ವಯಸ್ಸು 26. ಅದೇ ವರ್ಷದ ಗಣರಾಜ್ಯೋತ್ಸವದಲ್ಲಿ ನೌಕಾಪಡೆಯ ಮಹಿಳಾ ತುಕಡಿಯಲ್ಲಿ ಹೆಜ್ಜೆ ಹಾಕಿದ್ದರು. ಕರ್ತವ್ಯದಲ್ಲಿದ್ದಾಗ ತೀರಿಕೊಂಡ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ ಅವರು.

ಯುದ್ಧ ಇರಲಿಲ್ಲವಲ್ಲ, ಬರೀ ತರಬೇತಿ ಅಲ್ವಾ ಅಂತ ಯಾರಾದರೂ ಕೇಳಬಹುದು. ಕಡಲ ದಂಡೆಯ ನಾವು ಹಾಗೆ ಕೇಳಲಾರೆವು. ಕಡಲಿಗೆ ಹೋದವರು ಮರಳದ ರಾತ್ರಿ ಮನೆಯ ದೀಪ ಆರಿಸೋದಿಲ್ಲ ಇಲ್ಲಿ. ಕತ್ತಲಲ್ಲಿ ಸಮುದ್ರದ ಮೇಲೆ ಹಾರುವುದನ್ನು ಯುದ್ಧ ಶುರುವಾದ ಮೇಲೆ ಕಲಿಯೋಕಾಗುತ್ತದೆಯೇ? ಅದನ್ನು ಮೊದಲೇ ಕಲಿಯಬೇಕು. ಕಲಿಯುವಾಗಲೇ ಜೀವ ಹೋಗಬಹುದು ಅಂತ ಗೊತ್ತಿದ್ದೂ ಅವರು ಹಾರಿದ್ದು.

ಚಾಪೆಲ್ ಎದುರು ನಿಂತರೆ ಯುದ್ಧ ನೆನಪಾಗುತ್ತದೆ, ತರಬೇತಿಯಲ್ಲಿ ಜೀವ ಕೊಟ್ಟವರು ನೆನಪಾಗುವುದಿಲ್ಲ. 29 ವರ್ಷ ನೌಕಾಪಡೆಗೆ ದುಡಿದ ಟುಪೊಲೆವ್ ಪಕ್ಕದಲ್ಲಿ ಕಿರಣ್, ಅಭಿನವ್ ಇಬ್ಬರಿಗೂ ಒಂದು ಫಲಕ ಹಾಕಿಸಿ ಸರ್. ಕನ್ನಡದಲ್ಲಿರಲಿ. ಮಕ್ಕಳಿಗೆ ಓದೋಕೆ ಸಿಗುವ ಎತ್ತರದಲ್ಲಿರಲಿ. ಸುಮ್ನೆ ಹೆಸರು, ತಾರೀಖು ಕೆತ್ತಿದರೆ ಸಾಲದು. ಅಬ್ಸರ್ವರ್ ಅಂದರೆ ಯಾರು, ಆ ರಾತ್ರಿ ಅವರು ಯಾಕೆ ಹೊರಟಿದ್ದರು ಅಂತ ನಾಲ್ಕು ಸಾಲು ಬರೆಸಿ.

ಮಾರ್ಚ್ 24ರೊಳಗೆ ಆದರೆ ಒಳ್ಳೆಯದು. ಅವತ್ತು ಮತ್ತೆ ಕರೆದುಕೊಂಡು ಬರ್ತೀನಿ ಅಂತ ಹುಡುಗಿಗೆ ಮಾತು ಕೊಟ್ಟಿದ್ದೇನೆ.

ಇಂತಿ,
ಕಾರವಾರದ ಒಬ್ಬ ನಿವಾಸಿ