ಉಂಡೆದ್ದವರ ತಾಟು

ವಿಜಯಪುರ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ "ಪರ್ಸಿಸ್ಟೆಂಟ್ ಕನೆಕ್ಷನ್ ಹಾಕೀನಿ ಕಾಕಾ, ಪೇಜ್ ಲಗೂನ ಬರ್ತಾವ" ಅಂದಿ. ಅಂದರೆ ಪೇಜ್ ಮುಗಿದರೂ ಡೇಟಾಬೇಸಿನ ಕನೆಕ್ಷನ್ ಮುಚ್ಚದೆ, ಮುಂದಿನ ಪೇಜಿಗೆ ಅದನ್ನೇ ಕೊಡುವುದು. ಕೇಳಿ ಖುಷಿಯಾಯಿತು, ಆಮೇಲೆ ಚಿಂತೆಯೂ ಆಯಿತು.

ಇಲ್ಲಿಯ ಮಣೂಕ (ಒಣದ್ರಾಕ್ಷಿ) ವ್ಯಾಪಾರಿಯೊಬ್ಬರಿಗೆ ನಾನು ಸ್ಟಾಕಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಭಾಷೆ ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯುಎಲ್, ಎರಡನ್ನೂ ಜೋಡಿಸುವುದು ಪಿಡಿಒ. ಸುಗ್ಗಿಯ ದಿನ ಒಂದು ಸ್ಕ್ರಿಪ್ಟ್ 'ಲಾಕ್ ಟೇಬಲ್ಸ್' (ಬೇರೆಯವರು ಟೇಬಲ್ ಮುಟ್ಟದಂತೆ ಬೀಗ) ಹಾಕಿ, ಅನ್‌ಲಾಕ್ ಮಾಡುವ ಸಾಲು ಮುಟ್ಟುವ ಮೊದಲೇ ಸತ್ತಿತು. ಸಾದಾ ಕನೆಕ್ಷನ್ ಆಗಿದ್ದರೆ ಲಾಕೂ ಅದರ ಸಂಗಡವೇ ಹೋಗುತ್ತಿತ್ತು. ಇದು ಪರ್ಸಿಸ್ಟೆಂಟ್, ಅಪಾಚೆಯ (ಪೇಜ್ ಕಳಿಸುವ ವೆಬ್ ಸರ್ವರ್) ಕೈಯಲ್ಲಿ ಲಾಕಿನ ಸಮೇತ ಹಾಗೇ ಉಳಿಯಿತು. ತೂಕವಾದ ಬಾಕ್ಸುಗಳು ಲಾರಿಯಲ್ಲಿ, ಡ್ರೈವರ್ ಬಾಗಿಲಲ್ಲಿ, ಗುಮಾಸ್ತರ ಸ್ಕ್ರೀನಿನ ಮೇಲೆ ಸುಮ್ಮನೆ ತಿರುಗುವ ಚಕ್ರ. ಅಪಾಚೆ ರೀಸ್ಟಾರ್ಟ್ ಮಾಡಿದ ಮೇಲೇ ಬಿಲ್ ಬಂತು. ತಪ್ಪು ನನ್ನದೇ.

ಟೆಂಪರರಿ ಟೇಬಲ್ (ಆ ಕನೆಕ್ಷನ್ ಇರುವವರೆಗಷ್ಟೇ ಬಾಳುವ ಟೇಬಲ್) ಇನ್ನೂ ಮೋಸ. ಐದು ಸಲ ರಿಫ್ರೆಶ್ ಮಾಡಿದರೆ ಮೂರು ಸಲ ಸರಿ, ಎರಡು ಸಲ 'ಟೇಬಲ್ ಆಲ್ರೆಡಿ ಎಕ್ಸಿಸ್ಟ್ಸ್'. ಹಳೇ ಟೇಬಲ್ ಉಳಿದ ಕನೆಕ್ಷನ್ ಸಿಕ್ಕಾಗ ಮಾತ್ರ ಎಡವುತ್ತದೆ. ಟೈಮ್ ಝೋನ್, ಎಸ್‌ಕ್ಯುಎಲ್ ಮೋಡ್ (ಡೇಟಾ ಎಷ್ಟು ಕಟ್ಟುನಿಟ್ಟಾಗಿ ನೋಡಬೇಕೆಂಬ ಸೆಟ್ಟಿಂಗ್) ಬದಲಿಸಿದ್ದರೆ ಬಹಳ ಸಲ ಎರರ್ ಕೂಡ ಬರುವುದಿಲ್ಲ, ಲೆಕ್ಕವಷ್ಟೇ ತಪ್ಪುತ್ತದೆ. ಖಾನಾವಳಿಯಲ್ಲಿ ಒಬ್ಬರು ಉಂಡೆದ್ದ ತಾಟಿಗೇ ಇನ್ನೊಬ್ಬರಿಗೆ ರೊಟ್ಟಿ ಬಡಿಸಿದಂತೆ.

ತಾಟು ಯಾರು ತೊಳೆಯುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೋ. ಪಿಡಿಒ ಬದಲು ಬಳಸಬಹುದಾದ ಮೈಎಸ್‌ಕ್ಯುಎಲ್‌ಐನಲ್ಲಿ ಹೋಸ್ಟ್ (ಡೇಟಾಬೇಸ್ ಇರುವ ಮಷೀನು) ಹೆಸರಿನ ಶುರುವಿಗೆ 'ಪಿ' ಮತ್ತು ಕೋಲನ್ ಹಾಕಿದರೆ (ಪಿಎಚ್‌ಪಿ 5.3ರಿಂದ ಈ ಸೌಲಭ್ಯವಿದೆ), ಹಳೇ ಕನೆಕ್ಷನ್ ಮತ್ತೆ ಕೊಡುವಾಗ ಅದು ತಾನೇ ಚೇಂಜ್ ಯೂಸರ್ (ಕನೆಕ್ಷನ್ ಹೊಸದರಂತೆ ಮಾಡುವ ಫಂಕ್ಷನ್) ಕರೆದು ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯಬೇಕಾದ ಬದಲಾವಣೆಗಳ ಕಟ್ಟು), ಲಾಕ್, ಟೆಂಪರರಿ ಟೇಬಲ್, ಸೆಷನ್ ವೇರಿಯಬಲ್ ಎಲ್ಲ ತೆಗೆಯುತ್ತದೆ. ಪಿಡಿಒದಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡ. ಕನೆಕ್ಷನ್ ಕೈಗೆ ಬಂದ ಕೂಡಲೇ ಟೈಮ್ ಝೋನ್, ಮೋಡ್ ನೀನೇ ಹೊಸದಾಗಿ ಸೆಟ್ ಮಾಡು. ಟೆಂಪರರಿ ಟೇಬಲ್ ಮಾಡುವ ಮುಂಚೆ ಹಳೆಯದನ್ನು ಡ್ರಾಪ್ ಮಾಡು. ರೋಲ್‌ಬ್ಯಾಕ್ (ಅರ್ಧಕ್ಕೆ ನಿಂತ ಬದಲಾವಣೆ ರದ್ದು ಮಾಡುವುದು), ಅನ್‌ಲಾಕ್ ಎರಡನ್ನೂ ಶಟ್‌ಡೌನ್ ಫಂಕ್ಷನ್‌ನಲ್ಲಿ ಬರೆ, ಸ್ಕ್ರಿಪ್ಟ್ ನಡುವೆ ಬಿದ್ದರೂ ಅದು ಓಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋದರೆ ತಾಟು ತೊಳೆಯಲು 'ಡಿಸ್ಕಾರ್ಡ್ ಆಲ್' ಒಂದೇ ಸಾಕು, ಆದರೆ ಟ್ರಾನ್ಸಾಕ್ಷನ್ ಒಳಗೆ ಅದು ನಡೆಯುವುದಿಲ್ಲ, ಮೊದಲು ರೋಲ್‌ಬ್ಯಾಕ್.

ಇನ್ನೊಂದು. ಅಪಾಚೆ 2.4ರ ಪ್ರಿಫೋರ್ಕ್ (ಒಂದೊಂದು ರಿಕ್ವೆಸ್ಟಿಗೂ ಬೇರೆ ಪ್ರೊಸೆಸ್ ಕೊಡುವ ಬಗೆ) ತಾನಾಗಿ 256 ವರ್ಕರ್‌ಗಳವರೆಗೆ ಏಳಿಸುತ್ತದೆ, ಒಂದೊಂದೂ ಒಂದು ಕನೆಕ್ಷನ್ ಹಿಡಿದು ಕೂರುತ್ತದೆ. ಮೈಎಸ್‌ಕ್ಯುಎಲ್ ತಾನಾಗಿ ಕೊಡುವುದು 151. ಗಿರಾಕಿ ಹೆಚ್ಚಾದ ದಿನವೇ 'ಟೂ ಮೆನಿ ಕನೆಕ್ಷನ್ಸ್'.

ನಿನ್ನ ಡೇಟಾಬೇಸ್ ಅದೇ ಮಷೀನಿನಲ್ಲಿದೆ ಅಂದಿದ್ದಿ. ಹಾಗಿದ್ದರೆ ಹೊಸ ಕನೆಕ್ಷನ್‌ಗೆ ತಗಲುವ ಹೊತ್ತು ಬಹಳ ಕಡಿಮೆ. ಪರ್ಸಿಸ್ಟೆಂಟ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆದು ನೋಡಿ, ಎರಡೂ ಅಂಕಿ ನನಗೆ ಕಳಿಸು. ಕಾಕೂ ನಿನಗೆ ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ, ಬರುವ ವಾರ ಕಳಿಸುತ್ತೇನೆ.

ನಿನ್ನ ಕಾಕಾ