‘ಆರಾಮ’ ಎನ್ನುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಕಾರಟಗಿಯಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಭಾನುವಾರ ಸಂಜೆ ಫೋನ್ ಮಾಡಿದಾಗ ನೀನು ಎಮ್ಮೆ ಈಯಿತೇ ಎಂದು ಕೇಳಿದೆ. ಗದ್ದೆಗೆ ನೀರು ಬಂತೇ, ಅವ್ವನ ಮೊಣಕಾಲು ಹೇಗಿದೆ, ತಮ್ಮ ಓದುತ್ತಿದ್ದಾನೋ ಇಲ್ಲವೋ ಎಂದು ಒಂದರ ಮೇಲೊಂದು ಕೇಳುತ್ತ ಹೋದೆ. ನಡುನಡುವೆ ನಗುತ್ತಲೂ ಇದ್ದೆ. ‘ನೀನು ಹೇಗಿದ್ದೀಯವ್ವ?’ ಎಂದರೆ ‘ಆರಾಮ ಇದ್ದೇನೆ ಅಪ್ಪಾ’ ಎಂದು ಫೋನ್ ಇಟ್ಟೆ. ನಿನ್ನ ಅವ್ವ ಒಲೆಯ ಮುಂದಿನಿಂದಲೇ ‘ಏನೋ ಆಗಿದೆ’ ಎಂದಳು. ನನಗೂ ಹಾಗೇ ಅನ್ನಿಸಿತ್ತು. ಮನಸ್ಸಿಗೆ ಭಾರವಾದಾಗ ನೀನು ನಮಗೆ ಕೇಳುವ ಅವಕಾಶವನ್ನೇ ಕೊಡುವುದಿಲ್ಲ, ನೀನೇ ಕೇಳುತ್ತೀಯ. ಆ ವಿದ್ಯೆಯನ್ನು ನನ್ನಿಂದಲೇ ಕಲಿತಿದ್ದೀಯ.

ಆಸ್ಪತ್ರೆಯಲ್ಲಿ ನಿನ್ನ ವಾರ್ಡಿನಲ್ಲಿದ್ದ ಅಜ್ಜಿ ನಿನ್ನ ಪಾಳಿಯಲ್ಲೇ ತೀರಿಕೊಂಡರು, ಕೊನೆಗೆ ಅವರ ಕೈ ಹಿಡಿದುಕೊಂಡು ಕುಳಿತಿದ್ದವಳು ನೀನೇ, ಅಂದಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲ. ಇದೆಲ್ಲ ನಿನ್ನ ತಮ್ಮನ ಬಾಯಿಂದ ಬುಧವಾರ ತಿಳಿಯಿತು. ಅವನ ಮೇಲೆ ಸಿಟ್ಟಾಗಬೇಡ. ಅವನು ತಡೆದುಕೊಳ್ಳಲಾಗದೆ ಹೇಳಿದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ನಮ್ಮ ಗದ್ದೆಯಲ್ಲಿ ಆಗ ನಾಟಿ ಮುಗಿದು ಸಸಿ ಹಸಿರು ತಿರುಗುತ್ತಿತ್ತು. ತುಂಬಿದ್ದ ಜಲಾಶಯ ಅದು. ಒತ್ತಡ ತಗ್ಗಲೆಂದು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಎಡದಂಡೆ ಕಾಲುವೆಗೆ ಬರಬೇಕಾಗಿದ್ದ ನೀರು ಹೊಳೆಯ ಪಾಲಾಗುವ ಸುದ್ದಿ ಕೇಳುತ್ತ ಊರಿಗೆ ಊರೇ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಕುಳಿತಿತ್ತು. ಮರುದಿನ ನೀನು ಗಾಬರಿಯಿಂದ ಫೋನ್ ಮಾಡಿದೆ. ‘ನಮಗೇನಾಗಿದೆ? ಆರಾಮ ಇದ್ದೇವೆ, ನೀನು ನಿನ್ನ ಕೆಲಸ ನೋಡಿಕೋ’ ಎಂದು ನಾನು ನಕ್ಕೆ.

ಅವತ್ತು ಸಂಜೆ ಬದುವಿನ ಮೇಲೆ ಕುಳಿತು ಅತ್ತೆ. ಪಕ್ಕದ ಗದ್ದೆಯವನಿಗೆ ಕೇಳಿಸೀತೆಂದು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದೆ. ಬೀಜ, ಗೊಬ್ಬರ, ನಾಟಿ ಆಳಿನ ಕೂಲಿ, ಎಲ್ಲವೂ ಸಾಲದ ಹಣ. ಮನೆಗೆ ಬಂದವನೇ ಗಚ್ಚಿನ ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು ಒಳಗೆ ಹೋದೆ. ನಿನ್ನ ಅವ್ವ ರೊಟ್ಟಿ ಬಡಿಸಿದಳು, ಒಂದು ಮಾತೂ ಆಡಲಿಲ್ಲ. ಅವಳ ಕಣ್ಣೂ ಕೆಂಪಾಗಿದ್ದವು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದರು, ಮಳೆಯೂ ಕೈ ಹಿಡಿಯಿತು, ಭತ್ತ ಮನೆಗೆ ಬಂತು. ಆದರೆ ದಸರೆಗೆ ಬಂದಾಗ ನೀನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ನೀವು ನಕ್ಕಿರಿ ಅಪ್ಪಾ, ಅದಕ್ಕೇ ನನಗೆ ಇನ್ನೂ ಹೆಚ್ಚು ಭಯವಾಯಿತು. ಇಡೀ ರಾತ್ರಿ ಟಿವಿ ನೋಡುತ್ತ ಒಬ್ಬಳೇ ಕುಳಿತಿದ್ದೆ.’

ನಿನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಒಂದೇ ಭಯವನ್ನು ಮೂವರೂ ಮೂರು ಮೂಲೆಯಲ್ಲಿ ಕುಳಿತು ನುಂಗಿದ್ದೆವು, ಅಷ್ಟೇ.

ರೋಗಿಯ ಮುಂದೆ ನೀನು ನಗುವುದು ಬೇರೆ ಮಾತು. ಅದನ್ನು ಬಿಡು ಎಂದು ನಾನು ಹೇಳುವುದಿಲ್ಲ. ಬೆಳಗಿನ ಜಾವ ನೋವಿನಲ್ಲಿ ಕಣ್ಣು ಬಿಟ್ಟವರಿಗೆ ಮೊದಲು ಕಾಣುವುದು ನಿನ್ನ ಮುಖ. ಅಲ್ಲಿ ನಗು ಸುಳ್ಳಲ್ಲ, ಅದೂ ಒಂದು ಔಷಧಿ. ಆದರೆ ಪಾಳಿ ಮುಗಿದು ಸಮವಸ್ತ್ರ ಕಳಚಿಟ್ಟ ಮೇಲೂ ಆ ನಗುವನ್ನು ಹೊತ್ತುಕೊಂಡೇ ನಮಗೆ ಫೋನ್ ಮಾಡುತ್ತೀಯಲ್ಲ, ಅದು ನನಗೆ ಸಂಕಟ.

‘ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬೇಡ’ ಎಂಬ ಗಾದೆ ಕೇಳುತ್ತಲೇ ಬೆಳೆದವನು ನಾನು. ಕೆಟ್ಟ ಗಾದೆ ಅದು. ಹೆಣ್ಣಿನ ನಗುವನ್ನೂ ಗಂಡಿನ ಅಳುವನ್ನೂ ಒಂದೇ ಏಟಿಗೆ ಕಿತ್ತುಕೊಂಡಿತು. ಚಿಕ್ಕವಳಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮುದಗಲ್ಲಿನ ಮೊಹರಂಗೆ ಹೋಗಿದ್ದು ನೆನಪಿದೆಯೇ? ಹಿಂದೂ, ಮುಸ್ಲಿಂ ಎನ್ನದೆ ಜನ ನೆರೆದಿದ್ದರು. ಹಸನ್-ಹುಸೇನರ ಪದ ಹಾಡುತ್ತಿದ್ದ ಮುದುಕರೊಬ್ಬರ ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ‘ಆ ತಾತ ಯಾಕೆ ಅಳುತ್ತಾರೆ?’ ಎಂದು ನೀನು ಜೋರಾಗಿಯೇ ಕೇಳಿದ್ದೆ. ಕರ್ಬಲಾ ಕದನದಲ್ಲಿ ಹುಸೇನರು ಮಡಿದು 1,300 ವರ್ಷಗಳ ಮೇಲಾಯಿತು. ಅದಕ್ಕೆ ಇಂದಿಗೂ ಎಲ್ಲರೆದುರು ಕಣ್ಣೀರಿಡುವ ಸೀಮೆಯಲ್ಲಿ ಹುಟ್ಟಿ, ನಾನು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆನಲ್ಲ.

ಆ ಅಜ್ಜಿಗಾಗಿ ಅತ್ತುಬಿಡು, ಅವ್ವ. ಅವರ ಹೆಸರೇನು, ನಿನ್ನೊಡನೆ ಏನು ಮಾತನಾಡುತ್ತಿದ್ದರು ಎಂದು ನಮಗೆ ಹೇಳು. ನಮಗೆ ಹೇಳಲಾಗದ್ದಿದ್ದರೆ ಜೊತೆಗಿರುವ ಗೆಳತಿಗೆ ಹೇಳು. ಅದೂ ಆಗದಿದ್ದರೆ ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ-ಮನಸ್‌ನ 14416 ಇದೆ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ನರ್ಸ್ ಆದ ನಿನಗೆ ನಾನು ಹೇಳಬೇಕಿಲ್ಲ. ಆದರೂ ಅಪ್ಪ ಹೇಳಿದ ಎಂದಿರಲಿ.

ಮೊದಲು ನಾನೇ ಶುರು ಮಾಡುತ್ತೇನೆ. ಭಾನುವಾರ ಅವ್ವನ ಮೊಣಕಾಲು ವಾಸಿಯಾಗಿದೆ ಎಂದೆನಲ್ಲ, ಆಗಿಲ್ಲ. ನೆಲದ ಮೇಲೆ ಕುಳಿತರೆ ಏಳಲು ಗೋಡೆ ಹಿಡಿಯಬೇಕು. ರಾತ್ರಿ ಅವಳು ನರಳುವುದನ್ನು ಕೇಳುತ್ತ ನಾನು ನಿದ್ದೆ ಬಂದವನಂತೆ ಮಲಗಿರುತ್ತೇನೆ. ನನಗೆ ಭಯವಾಗಿದೆ. ಯಾವ ಡಾಕ್ಟರಿಗೆ ತೋರಿಸಬೇಕು ಎಂದು ನೀನೇ ಹೇಳಬೇಕು. ಎಮ್ಮೆ ಇನ್ನೂ ಈದಿಲ್ಲ.

ಇಂತಿ ನಿನ್ನ ಅಪ್ಪ